ನಿದಾನವೂ ನಿಧಾನವೂ

ಶಾಲೆಯ ಹುಡುಗರು ಒಂದಕ್ಕೆ ಬದಲಾಗಿ ಇನ್ನೊಂದನ್ನು ಬರೆದುಬಿಡುವ ಶಬ್ದಗಳಲ್ಲಿ ನಿದಾನ, ನಿಧಾನ ಎಂಬ ಎರಡು ಉಂಟು. ಅಲ್ಪಪ್ರಾಣದ ನಿದಾನವೆಂದರೆ ಮೂಲಕಾರಣ. ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಗೊತ್ತುಮಾಡುವುದಕ್ಕೆ ಆ ಹೆಸರು. ಮಹಾಪ್ರಾಣದ ನಿಧಾನಕ್ಕೆ ಸಂಸ್ಕೃತದಲ್ಲಿ ನಿಧಿಯೆಂದು ಅರ್ಥ. ಕನ್ನಡದಲ್ಲಿ ಅದು ಸಾವಕಾಶವೆಂಬ ಅರ್ಥದಲ್ಲಿ ರೂಢಿಗೆ ಬಂದಿದೆ. ಈ ಭೇದವನ್ನು ಬಹುಕಾಲ ಕರಿಹಲಗೆಯ ಮೇಲೆ ಬರೆದು ತೋರಿಸಿದವರು ನಾವು. ಎರಡು ಶಬ್ದಗಳ ಅರ್ಥವೂ ಒಂದೇ ಕೆಲಸಕ್ಕೆ ಬೇಕಾಗುವುದನ್ನು ಕಂಡದ್ದು ಮಾತ್ರ ಕುರುಡುಮಲೆಯ ಹೊಲದಲ್ಲಿ, ಬಲಗುಂದಿದ ಒಂದು ಹಳೆಯ ಡೀಸೆಲ್ ಎಂಜಿನ್ನಿನ ಮುಂದೆ.

ಕುರುಡುಮಲೆಯ ಹೆಸರನ್ನು ವಾಚಕರಲ್ಲಿ ಅನೇಕರು ಅಲ್ಲಿಯ ಏಕಶಿಲೆಯ ಮಹಾಗಣಪತಿಯಿಂದ ಬಲ್ಲರು. ಮುಳಬಾಗಿಲಿಗೆ ಸಮೀಪದ ಈ ಗ್ರಾಮವಿರುವ ಕೋಲಾರ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲ. ಕೆರೆ ಬಾವಿಗಳೇ ಜನಕ್ಕೆ ಆಧಾರ. ಹಿಂದಿನವರು ಬಾವಿಯ ನೀರನ್ನು ಏತದಿಂದಲೂ ಎತ್ತುಗಳು ಎಳೆಯುವ ಕಪಿಲೆಯಿಂದಲೂ ಎತ್ತುತ್ತಿದ್ದರು. 1902 ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ತಂತಿಯ ಮೂಲಕ ಬಂದಿತಾದರೂ, ರೈತನ ಬಾವಿಯ ತನಕ ಆ ತಂತಿಯು ಬರುವುದಕ್ಕೆ ದಶಕಗಳೇ ಹಿಡಿದವು. ಆ ನಡುಗಾಲದಲ್ಲಿ ಕಪಿಲೆಯ ಸ್ಥಾನಕ್ಕೆ ಬಂದದ್ದು ಎಣ್ಣೆಯ ಎಂಜಿನ್. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು 1897 ರಲ್ಲಿ ಪರೀಕ್ಷೆಗೆ ನಿಲ್ಲಿಸಿ ತೋರಿಸಿದ ಯಂತ್ರದ ಸಂತತಿ ಅದು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಹಾಗೆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನ ತತ್ತ್ವವು ಇಷ್ಟೇ.

ನಮ್ಮ ಬಾವಿಯ ಮೇಲಿರುವುದು ಲಿಸ್ಟರ್ ಮಾದರಿಯದು. ಒಂದೇ ಸಿಲಿಂಡರು, ಎರಡು ಭಾರವಾದ ಚಕ್ರಗಳು, ಆರು ಅಶ್ವಶಕ್ತಿ, ನಿಮಿಷಕ್ಕೆ 650 ಸುತ್ತು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಒಣಗಿದಮೇಲೆ ಅದು ಬಹುಕಾಲ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕುಳಿತಿತ್ತು. 2021 ರ ನವೆಂಬರಿನಲ್ಲಿ ಸುರಿದ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದುವು. ನಮ್ಮ ಬಾವಿಗೂ ನೀರು ಬಂದಿತು. ಎಂಜಿನ್ನನ್ನು ಒರೆಸಿ, ಎಣ್ಣೆ ಹಾಕಿ, ಮತ್ತೆ ಅದರ ಪೀಠದ ಮೇಲೆ ನಿಲ್ಲಿಸಿದೆವು.

ಕಳೆದ ಬೇಸಗೆಯಲ್ಲಿ ಅದರ ಬಲ ಕುಗ್ಗಿತು. ಯುಗಾದಿಯ ದಿನಗಳಲ್ಲಿ ಇನ್ನೂರು ಲೀಟರಿನ ಪೀಪಾಯಿಯನ್ನು ಇಪ್ಪತ್ತು ಸೆಕೆಂಡಿನಲ್ಲಿ ತುಂಬುತ್ತಿದ್ದುದು, ಒಂದು ತಿಂಗಳೊಳಗೆ ನಲವತ್ತು ಸೆಕೆಂಡಿಗೆ ಇಳಿಯಿತು. ಕೊಳವೆಯಿಂದ ಕರಿಯ ಹೊಗೆ ಏಳುತ್ತಿತ್ತು. ಕಾಲುಗಂಟೆ ನಡೆದಮೇಲೆ ದನಿಯೂ ತಗ್ಗುತ್ತಿತ್ತು. ಆ ಸಮಯದಲ್ಲಿ ನಮ್ಮ ತಮ್ಮನ ಮಗನ ಮನೆಯಲ್ಲಿ ರೇಷ್ಮೆಹುಳುಗಳು ಮೂರನೆಯ ಜ್ವರವನ್ನು ಕಳೆದು ಎದ್ದಿದ್ದುವು. ಹುಳುವು ತನ್ನ ಆಯುಷ್ಯದ ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಗೂಡು ಕಟ್ಟುವುದಕ್ಕೆ ಮುಂಚಿನ ಕೊನೆಯ ಹಂತದಲ್ಲಿ ತಿನ್ನುತ್ತದೆ. ಅವನ ಕೊಳವೆಬಾವಿಯು ಬತ್ತಿದ್ದುದರಿಂದ ಹಿಪ್ಪುನೇರಳೆಯ ತೋಟಕ್ಕೆ ಈ ಎಂಜಿನ್ನೊಂದೇ ಗತಿ. ಸೊಪ್ಪು ಬಾಡಿದರೆ ಹುಳುವಿಲ್ಲ; ಹುಳುವಿಲ್ಲದಿದ್ದರೆ ಸಾಲಕ್ಕೆ ಕೊಡುವ ಕಂತಿಲ್ಲ.

ಸಲಹೆ ಹೇಳುವವರಿಗೆ ಕೊರತೆಯಿರಲಿಲ್ಲ. ಇದು ಮುದಿಯಂತ್ರ, ತೂಕದ ಮೇಲೆ ಗುಜರಿಗೆ ಕೊಡಿರೆಂದು ಒಬ್ಬರು ಹೇಳಿದರು. ಎಲ್ಲವನ್ನೂ ಬಿಚ್ಚಿ ಪಿಸ್ಟನ್, ರಿಂಗು, ಲೈನರುಗಳನ್ನು ಹೊಸದಾಗಿ ಹಾಕಬೇಕು, ವಾರ ಹಿಡಿಯುತ್ತದೆ ಎಂದು ಮತ್ತೊಬ್ಬರು. ಹುಡುಗನು ನಮ್ಮ ಬಳಿ ಬಂದು, “ದೊಡ್ಡಪ್ಪಾ, ವಯಸ್ಸಾದದ್ದಕ್ಕೆ ಏನು ಔಷಧ ಮಾಡೋಣ?” ಎಂದನು.

“ವಯಸ್ಸು ಒಂದು ತಿಂಗಳಲ್ಲಿ ಬರುವುದಿಲ್ಲವಪ್ಪಾ,” ಎಂದೆವು. “ಯುಗಾದಿಗೆ ಗಟ್ಟಿಯಾಗಿದ್ದುದು ಈಗ ಸೊರಗಿದೆಯೆಂದರೆ ಎಲ್ಲಿಯೋ ಏನೋ ಅಡ್ಡ ಬಂದಿದೆ. ಅದನ್ನು ಹುಡುಕೋಣ.”

ನಾವು ಯಂತ್ರಶಾಸ್ತ್ರವನ್ನು ಕಲಿತವರಲ್ಲ. ಆದರೆ ಎಂಜಿನ್ನಿನೊಡನೆ ಬಂದ ಪುಸ್ತಕವು ಪೆಟ್ಟಿಗೆಯಲ್ಲಿದ್ದಿತು. ಓದುವುದು ನಮಗೆ ಬರುತ್ತದೆ. ಖರ್ಚಿಲ್ಲದ ಪರೀಕ್ಷೆಯು ಮೊದಲು, ಬಿಚ್ಚುವ ಪರೀಕ್ಷೆಯು ಕಡೆಗೆ ಎಂದು ನಿಯಮ ಮಾಡಿಕೊಂಡೆವು. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಪ್ರತಿಸಲವೂ ಪೀಪಾಯಿ ತುಂಬುವ ಕಾಲವನ್ನು ಬರೆದಿಡಬೇಕೆಂಬುದು ಎರಡನೆಯ ನಿಯಮ. ನಾಲ್ಕನ್ನು ಒಟ್ಟಿಗೆ ತಿದ್ದಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಹೋಗುತ್ತದೆ.

ಮೊದಲು, ನಿಂತ ಎಂಜಿನ್ನಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿದೆವು. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವಾಗ ಚಕ್ರವು ತಡೆದು, ಬುಗ್ಗೆಯಂತೆ ಹಿಂದಕ್ಕೆ ಚಿಮ್ಮಿತು. ರಿಂಗುಗಳು ಸವೆದಿದ್ದರೆ, ಇಲ್ಲವೆ ವಾಲ್ವುಗಳು ಸರಿಯಾಗಿ ಕೂರದಿದ್ದರೆ, ಬುಸ್ಸೆಂದು ಗಾಳಿ ಸೋರಿ ಚಕ್ರವು ಸಡಿಲವಾಗಿ ದಾಟಿಹೋಗುತ್ತದೆ. ಅರೆನಿಮಿಷದ ಈ ಪರೀಕ್ಷೆಯಿಂದ ಹೊಸ ಪಿಸ್ಟನ್ನಿನ ಮಾತು ಸದ್ಯಕ್ಕೆ ಬೇಡವೆಂದಾಯಿತು.

ಎರಡನೆಯದು, ಹೊರುವ ಭಾರ. ಎಂಜಿನ್ ಸೋತಿತೆಂದು ನಾವು ಹೇಳುವಾಗ ಭಾರವೇ ಹೆಚ್ಚಿರಬಹುದು. ಬೆಲ್ಟನ್ನು ಕಳಚಿ ಪಂಪನ್ನು ಕೈಯಿಂದ ತಿರುಗಿಸಿದೆವು, ಹಗುರವಾಗಿ ತಿರುಗಿತು. ಬಾವಿಯ ತಳದ ಫುಟ್‌ವಾಲ್ವಿಗೆ ಕಸವೂ ಕಟ್ಟಿರಲಿಲ್ಲ. ನೀರು ಪಂಪಿನಿಂದ ಎಷ್ಟು ಕೆಳಗಿದೆಯೆಂದು ಹಗ್ಗ ಬಿಟ್ಟು ಅಳೆದೆವು. ಐದು ಮೀಟರಿಗೆ ಸ್ವಲ್ಪ ಹೆಚ್ಚಿತ್ತು. ಇಂಥ ಪಂಪು ಆರೇಳು ಮೀಟರಿಗಿಂತ ಆಳದ ನೀರನ್ನು ಹೀರಲಾರದು. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಎತ್ತರದ ನಮ್ಮ ಸೀಮೆಯಲ್ಲಿ ಗಾಳಿಯ ಒತ್ತಡವು ಕಡಲತೀರಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಮೆಯಾದ್ದರಿಂದ ಆ ಮಿತಿಯೂ ಇನ್ನಷ್ಟು ಇಳಿಯುತ್ತದೆ. ನೀರು ಇನ್ನೂ ಮಿತಿಯೊಳಗೇ ಇತ್ತು. ಭಾರವು ಹೆಚ್ಚಿಲ್ಲವೆಂದು ನಿಶ್ಚಯವಾಯಿತು.

ಮೂರನೆಯದು, ಉಸಿರು. ಡೀಸೆಲ್ ಎಂಜಿನ್ನಿನ ರೋಗಲಕ್ಷಣವನ್ನು ಹೊಗೆಯ ಬಣ್ಣವೇ ಹೇಳುತ್ತದೆ. ನೀಲಿಯಾದರೆ ಒಳಗಿನ ಜಾರೆಣ್ಣೆಯು ಉರಿಯುತ್ತಿದೆ. ಬಿಸಿಯಾದಮೇಲೂ ಬಿಳುಪಾಗಿದ್ದರೆ ಡೀಸೆಲ್ ಉರಿಯದೆಯೇ ಹೊರಬೀಳುತ್ತಿದೆ, ಇಲ್ಲವೆ ಒಳಕ್ಕೆ ನೀರು ಸೇರುತ್ತಿದೆ. ಕಪ್ಪಾದರೆ ಎಣ್ಣೆಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲ, ಅಥವಾ ಭಾರವು ಮಿತಿಮೀರಿದೆ. ಭಾರದ ಸಂಶಯವು ಕಳೆದಿದ್ದುದರಿಂದ ಗಾಳಿಯ ಫಿಲ್ಟರನ್ನು ಬಿಚ್ಚಿದೆವು. ಅದರ ಬಟ್ಟಲಿನಲ್ಲಿದ್ದ ಎಣ್ಣೆಯು ನಮ್ಮ ಹೊಲಗಳ ಕೆಂಪುಧೂಳಿನೊಡನೆ ಬೆರೆತು ಅಂಬಲಿಯಂತಾಗಿತ್ತು. ಹೊಗೆಕೊಳವೆಯ ಬುಡದಲ್ಲಿ ಮಸಿಯು ಹೆಪ್ಪುಗಟ್ಟಿ ದಾರಿಯು ಅರ್ಧಕ್ಕೆ ಕಿರಿದಾಗಿತ್ತು. ಒಳಕ್ಕೆ ಬರುವ ಉಸಿರಿಗೂ ಹೊರಕ್ಕೆ ಹೋಗುವ ಉಸಿರಿಗೂ ಅಡ್ಡಿ! ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ತುಂಬಿದೆವು; ಪೀಪಾಯಿ ಮೂವತ್ತೈದು ಸೆಕೆಂಡಿನಲ್ಲಿ ತುಂಬಿತು. ಆಮೇಲೆ ಕೊಳವೆಯನ್ನು ಕಳಚಿ ಮಸಿಯನ್ನು ಕೆರೆದು ತೆಗೆದೆವು; ಇಪ್ಪತ್ತೆಂಟು ಸೆಕೆಂಡಾಯಿತು, ಹೊಗೆಯೂ ತಿಳಿಯಾಯಿತು. ಫಿಲ್ಟರು ಅಡ್ಡಿಯೆಂದು ಅದನ್ನು ತೆಗೆದೇ ನಡೆಸುವವರುಂಟು. ಹಾಗೆ ಎಂದಿಗೂ ಮಾಡಬಾರದು. ಧೂಳು ಒಳಹೊಕ್ಕು ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜಿಬಿಡುತ್ತದೆ.

ಆದರೂ ಕಾಲುಗಂಟೆಯಾದಮೇಲೆ ದನಿಯು ತಗ್ಗುವುದು ನಿಲ್ಲಲಿಲ್ಲ. ಈ ಸಲ ಕರಿಯ ಹೊಗೆಯಿರಲಿಲ್ಲ. ಗಾಳಿಯಿದ್ದು ಬಲವಿಲ್ಲವೆಂದರೆ ಕೊರತೆಯು ಆಹಾರದ್ದು. ಡೀಸೆಲ್ ಫಿಲ್ಟರು ಶುದ್ಧವಾಗಿತ್ತು. ತೊಟ್ಟಿಯ ತಳದಲ್ಲಿ ನೀರು ನಿಂತಿರಲಿಲ್ಲ. ದನಿಯು ತಗ್ಗುತ್ತಿರುವಾಗಲೇ ಹುಡುಗನು ತೊಟ್ಟಿಯ ಮುಚ್ಚಳವನ್ನು ಸಡಿಲಿಸಿದನು. ಸುಯ್ಯೆಂದು ಗಾಳಿಯು ಒಳಕ್ಕೆ ನುಗ್ಗಿತು; ನಾಲ್ಕಾರು ಕ್ಷಣಗಳಲ್ಲಿ ಎಂಜಿನ್ನಿನ ದನಿಯು ಏರಿತು. ಮುಚ್ಚಳದಲ್ಲಿ ಗಾಳಿಯಾಡುವುದಕ್ಕೆಂದು ಸೂಜಿಯ ಗಾತ್ರದ ರಂಧ್ರವೊಂದಿರುತ್ತದೆ. ಕಣಜವೊಂದು ಅದರ ಮೇಲೆ ಮಣ್ಣಿನ ಗೂಡು ಕಟ್ಟಿತ್ತು. ಡೀಸೆಲ್ ಇಳಿದಂತೆಲ್ಲ ಅದರ ಸ್ಥಾನವನ್ನು ತುಂಬಲು ಗಾಳಿಯಿಲ್ಲದೆ, ತೊಟ್ಟಿಯು ಎಣ್ಣೆಯನ್ನು ಕೆಳಕ್ಕೆ ಬಿಡದೆ ಹಿಡಿದುಕೊಂಡಿತ್ತು. ಹುಡುಗನು ಮಣ್ಣನ್ನು ಕೆರೆದು, ಕಡ್ಡಿಯಿಂದ ರಂಧ್ರವನ್ನು ಬಿಡಿಸಿ, ನಗುತ್ತ ಗುಡಿಯ ಕಡೆಗೆ ಕೈಮುಗಿದನು. ವಿಘ್ನವನ್ನು ಕಳೆಯುವ ದೇವರ ಊರಿನಲ್ಲಿ ಅದು ಯುಕ್ತವೇ ಆಗಿತ್ತು.

ಪೀಪಾಯಿಯು ಈಗ ಇಪ್ಪತ್ತೆರಡು ಸೆಕೆಂಡಿನಲ್ಲಿ ತುಂಬಿತು. ಇಂಥ ಪಂಪಿನಲ್ಲಿ ವೇಗವು ಹತ್ತರಲ್ಲಿ ಒಂದು ಪಾಲು ಇಳಿದರೆ, ನೀರನ್ನು ಎತ್ತರಕ್ಕೆ ಒತ್ತುವ ಸಾಮರ್ಥ್ಯವು ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಆದ್ದರಿಂದಲೇ ಎಂಜಿನ್ನಿನ ಸ್ವಲ್ಪ ಬಲಹೀನತೆಯೂ ಕಾಲುವೆಯಲ್ಲಿ ದೊಡ್ಡ ನಷ್ಟವಾಗಿ ತೋರುತ್ತದೆ. ಉಳಿದ ಎರಡು ಸೆಕೆಂಡುಗಳಿಗೆ ಬೇಸಗೆಯಲ್ಲಿ ಕೆಳಗಿಳಿದ ಬಾವಿಯ ನೀರು ಸ್ವಲ್ಪ ಕಾರಣ, ಎಂಜಿನ್ನಿನ ವಯಸ್ಸು ಸ್ವಲ್ಪ ಕಾರಣ. ಅಷ್ಟನ್ನು ನಾವು ವಯಸ್ಸಿಗೆ ಸಂತೋಷದಿಂದಲೇ ಬಿಟ್ಟುಕೊಟ್ಟೆವು. ತೋಟವು ಅಂದು ಸಂಜೆಗೆ ನೆನೆಯಿತು. ಎರಡು ವಾರದ ಮೇಲೆ ಹುಳುಗಳು ಹಣ್ಣಾಗಿ ಚಂದ್ರಿಕೆಯನ್ನೇರಿದುವು.

ಇಷ್ಟರಿಂದಲೂ ಗುಣ ಕಾಣದಿದ್ದರೆ ಮುಂದಿನ ಪರೀಕ್ಷೆಗಳುಂಟು: ನಾಜಲ್ ಎಣ್ಣೆಯನ್ನು ಮಂಜಿನಂತೆ ಚೆಲ್ಲುತ್ತಿದೆಯೋ ತೊಟ್ಟಿಕ್ಕುತ್ತಿದೆಯೋ ನೋಡುವುದು, ವಾಲ್ವುಗಳ ಸಂದನ್ನು ಪುಸ್ತಕದ ಅಳತೆಗೆ ಸರಿಗೂಡಿಸುವುದು, ಎಣ್ಣೆ ಸಿಂಪಡಿಸುವ ಕಾಲವನ್ನು ಚಕ್ರದ ಗುರುತಿನೊಡನೆ ಹೋಲಿಸುವುದು. ಇವನ್ನು ಬಲ್ಲವರ ಕೈಯಿಂದಲೇ ಮಾಡಿಸತಕ್ಕದ್ದು. ನಾಜಲಿನಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಮೈಯೊಳಕ್ಕೆ ಹೋಗುವಷ್ಟು ವೇಗದ್ದು. ಅದಕ್ಕೆ ಕೈ ಒಡ್ಡಬಾರದು. ಓಡುತ್ತಿರುವ ಬೆಲ್ಟಿನ ಹತ್ತಿರ ಪಂಚೆಯ ಅಂಚಾಗಲಿ, ಸೀರೆಯ ಸೆರಗಾಗಲಿ, ಮಕ್ಕಳಾಗಲಿ ಸುಳಿಯಬಾರದು. ಮುಚ್ಚಿದ ಕೊಟ್ಟಿಗೆಯೊಳಗೆ ಎಂಜಿನ್ನನ್ನು ನಡೆಸಿದರೆ ಅದರ ಹೊಗೆಯು ಪ್ರಾಣಾಂತಕವಾದೀತು.

ಮಲ್ಪೆ, ಮಂಗಳೂರುಗಳ ಮೀನುಗಾರರು ದೋಣಿಯ ಗರ್ಭದಲ್ಲಿ ಕೂರಿಸುವ ಡೀಸೆಲ್ ಎಂಜಿನ್ನಿಗೂ ಇದೇ ಕ್ರಮವು ಸಲ್ಲುತ್ತದೆ. ನಮಗೆ ಫುಟ್‌ವಾಲ್ವಿನ ಕಸವು ಹೇಗೋ ಅವರಿಗೆ ದೋಣಿಯ ತಳಕ್ಕೆ ಅಂಟಿ ಬೆಳೆದ ಚಿಪ್ಪುಗಳೂ ನೀರು ತಳ್ಳುವ ಚಕ್ರಕ್ಕೆ ಸುತ್ತಿಕೊಂಡ ಬಲೆಯ ನೂಲೂ ಹಾಗೆ. ಎಂಜಿನ್ ನಿರ್ದೋಷಿಯಾಗಿದ್ದರೂ ದೋಣಿಯು ನಿಧಾನವಾಗುತ್ತದೆ. ವ್ಯತ್ಯಾಸವೊಂದೇ: ನಮ್ಮದು ನಿಂತರೆ ತೋಟವು ಬಾಡೀತು, ಅವರದು ನಡುಗಡಲಿನಲ್ಲಿ ನಿಂತರೆ ಜೀವಕ್ಕೇ ಅಪಾಯ.

ವಯಸ್ಸಾಯಿತೆಂಬುದು ಎಷ್ಟೋ ಸಲ ನಿದಾನವಲ್ಲ; ನಿದಾನವನ್ನು ಹುಡುಕುವ ಶ್ರಮವನ್ನು ತಪ್ಪಿಸಿಕೊಳ್ಳುವ ಮಾತು. ಯಂತ್ರದ ವಿಷಯವನ್ನು ಬಿಟ್ಟರೂ, ಮನೆಯಲ್ಲಿ ಹಿರಿಯರೊಬ್ಬರು ಊಟ ಕಡಮೆ ಮಾಡಿದರೆ, ಜಗಲಿಯಿಂದ ಇಳಿಯಲು ಒಲ್ಲೆನೆಂದರೆ, ನಾವು ಇದೇ ಮಾತನ್ನು ಆಡಿ ಮುಂದಕ್ಕೆ ಹೋಗುತ್ತೇವೆ. ಹಲ್ಲು ನೋಯುತ್ತಿರಬಹುದು, ಕನ್ನಡಕವು ಸಾಲದಿರಬಹುದು, ಮೆಟ್ಟಿಲಿನ ಬಳಿ ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲದಿರಬಹುದು. ಅರವತ್ತನ್ನು ಮುಟ್ಟಿರುವ ನಮಗೆ ಈ ಮಾತಿನಲ್ಲಿ ಸ್ವಾರ್ಥವೂ ಸ್ವಲ್ಪ ಉಂಟೆಂದು ವಾಚಕರು ಹೇಳಿದರೆ ನಾವು ಇಲ್ಲವೆನ್ನುವುದಿಲ್ಲ. ಗೃಹಸ್ಥರು ತಮ್ಮ ಮನೆಯ ಹಳೆಯದೇನನ್ನಾದರೂ ಗುಜರಿಗೆ ಹಾಕುವ ಮುನ್ನ, ಅದು ಏನು ತಿನ್ನುತ್ತಿದೆ, ಹೇಗೆ ಉಸಿರಾಡುತ್ತಿದೆ, ಎಷ್ಟು ಹೊರುತ್ತಿದೆ ಎಂಬ ಮೂರನ್ನು ಒಂದು ಪೂರ್ವಾಹ್ಣವಾದರೂ ಕುಳಿತು ವಿಚಾರಿಸಲಿ. ನಮ್ಮ ಎಂಜಿನ್ನಿನ ಚಿಕಿತ್ಸೆಗೆ ತಗಲಿದ ಖರ್ಚು ಒಂದು ಲೀಟರು ಎಣ್ಣೆ, ಸ್ವಲ್ಪ ಸೀಮೆಎಣ್ಣೆ ಮತ್ತು ಒಂದು ಹಳೆಯ ಪಂಚೆ.