ಕಬ್ಬಿಣದ ಮರೆಯೂ ಕಡಲ ಕರೆಯೂ

12ನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರ ಕಾಯಕ ದೋಣಿ ನಡೆಸುವುದು. ತುಂಗಭದ್ರೆಯ ತಡಿಯಲ್ಲಿರುವ, ಇಂದಿನ ಹಾವೇರಿ ಜಿಲ್ಲೆಯ ಚೌಡಯ್ಯದಾನಪುರ ಅವರ ನೆನಪನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ಬೇರೊಂದು ಅಂಕಿತವನ್ನು ಅರಸದೆ, ಕಾಯಕದೊಡನೆ ಬೆರೆತ ತಮ್ಮ ಹೆಸರನ್ನೇ ವಚನಗಳಿಗೆ ಅಂಕಿತವಾಗಿಸಿದ ಶರಣರಿವರು. ನದಿಯ ಅಂಬಿಗನಿಗೆ ಒಂದು ಅನುಕೂಲವಿತ್ತು. ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳಿಸುತ್ತಿತ್ತು. ಅತ್ತಣ ಮರುದನಿಯೂ ಇತ್ತ ಬರುತ್ತಿತ್ತು. ಕಡಲಿನಲ್ಲಿ ದುಡಿಯುವವರಿಗೆ ಈ ಅನುಕೂಲವಿಲ್ಲ. ತೀರದ ದೀಪಗಳು ಕಣ್ಣಿಗೆ ಕಾಣುತ್ತಿದ್ದರೂ ಮನೆಗೆ ಮಾತು ತಲುಪದಿರುವ ಸಂಕಟವನ್ನು ಇಂದಿನ ನಾವಿಕರು ಚೆನ್ನಾಗಿ ಬಲ್ಲರು.

ಮಠದ ಭಕ್ತ ಮನೆತನವೊಂದರ ತರುಣ ಕರಾವಳಿಯಗುಂಟ ಸಂಚರಿಸುವ ಸರಕುಹಡಗೊಂದರ ಎಂಜಿನ್ ವಿಭಾಗದಲ್ಲಿ ಕಾಯಕ ಮಾಡುತ್ತಾನೆ. ಗುಜರಾತಿನಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಹೊರಟಿದ್ದ ಆ ಹಡಗು ಕಾರವಾರದ ನೇರಕ್ಕೆ, ತೀರದಿಂದ ಸುಮಾರು 12 ನಾಟಿಕಲ್ ಮೈಲಿ, ಅಂದರೆ 22 ಕಿ.ಮೀ. ದೂರದಲ್ಲಿ ಸಾಗುತ್ತಿದ್ದಾಗ ಹುಬ್ಬಳ್ಳಿಯ ಆಸ್ಪತ್ರೆಯಿಂದ ತಾಯಿಯ ಕರೆ ಬಂದಿತು. ತಂದೆಗೆ ತುರ್ತಾಗಿ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಮಗನ ಮಾತು ಕೇಳದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಆ ತಾಯಿಗೆ ಧೈರ್ಯ ಬಾರದು. ಮೊಬೈಲಿನಲ್ಲಿ ಸಿಗ್ನಲ್ಲಿನ ಮೂರು ಗೆರೆಗಳು ಕಾಣುತ್ತಿದ್ದವು. ತಾಯಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. “ಯಪ್ಪಾ, ಮಾತಾಡೋ, ಯಾಕ ಸುಮ್ಮನದಿ?” ಎಂದು ಆಕೆ ಮತ್ತೆ ಮತ್ತೆ ಕೇಳುತ್ತಿದ್ದರು. ಮಗ ಮಾತನಾಡುತ್ತಲೇ ಇದ್ದ. ಕಡೆಗೆ ಕೂಗಿಯೂ ಹೇಳಿದ. ಅತ್ತ ಒಂದು ಅಕ್ಷರವೂ ತಲುಪಲಿಲ್ಲ. ಕರೆ ಕಡಿಯಿತು. ಮರಳಿ ಮಾಡಿದರೂ ಅದೇ ಗತಿಯಾಯಿತು.

ಹೀಗಾಗುವುದಕ್ಕೆ ಕಾರಣವಿದೆ. ಮೊಬೈಲಿನಲ್ಲಿ ಕಾಣುವ ಗೆರೆಗಳು ಟವರಿನ ದನಿ ಇತ್ತ ಎಷ್ಟು ಬಲವಾಗಿ ಬರುತ್ತಿದೆ ಎಂಬುದನ್ನು ಮಾತ್ರ ತೋರಿಸುತ್ತವೆ. ಇತ್ತಣ ದನಿ ಅತ್ತ ತಲುಪುತ್ತಿದೆಯೆ ಎಂಬುದನ್ನು ಅವು ಹೇಳಲಾರವು. ಟವರು ಹತ್ತಾರು ವಾಟ್ ಶಕ್ತಿಯಿಂದ ನುಡಿಯುತ್ತದೆ. ಕೈಯಲ್ಲಿರುವ 4ಜಿ ಮೊಬೈಲು ಸಾಮಾನ್ಯವಾಗಿ 0.2 ವಾಟ್‌ಗಿಂತ ಹೆಚ್ಚು ಶಕ್ತಿಯಿಂದ ನುಡಿಯಲಾರದು. ದೂರ ಹೆಚ್ಚಿದಷ್ಟೂ ಅದು ತನ್ನ ಪೂರ್ಣ ಬಲವನ್ನು ವ್ಯಯಿಸುವುದರಿಂದಲೇ ಕಡಲಿನಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ಇದರ ಮೇಲೆ ಹಡಗಿನ ಮೈಯೆಲ್ಲ ಉಕ್ಕು. ರೇಡಿಯೊ ಅಲೆಗಳು ಉಕ್ಕಿನ ಗೋಡೆಯನ್ನು ಹಾಯಲಾರವು. ಸಣ್ಣ ಕಿಟಕಿಯ ಗಾಜಿನಿಂದ ಒಂದಿಷ್ಟು ಒಳಬರುತ್ತವೆ, ಅಷ್ಟೆ. ಆ ತರುಣ ತನ್ನ ಕೋಣೆಯ ಅಂತಹ ಕಿಟಕಿಗೆ ಆತುಕೊಂಡು ನಿಂತಿದ್ದ. ಬಲವಾದ ದನಿ ಒಳಗೆ ಬಂದಿತು, ದುರ್ಬಲವಾದ ದನಿ ಹೊರಗೆ ಹೋಗಲಿಲ್ಲ.

ಮೇಲಧಿಕಾರಿಯ ಅಪ್ಪಣೆ ಪಡೆದು ಆತ ತೀರದ ಕಡೆಯ ತೆರೆದ ಅಟ್ಟಕ್ಕೆ ಬಂದ. ಮಾತಿನ ಯತ್ನವನ್ನು ಬಿಟ್ಟು ಒಂದು ಎಸ್ಎಂಎಸ್ ಬರೆದ: “ಸಹಿ ಹಾಕವ್ವ. ನಾ ಇಲ್ಲೇ ಅದೀನಿ.” ಮಾತಿಗೆ ಕಡಿಯದ ಹರಿವು ಬೇಕು, ಕಿರುಸಂದೇಶ ಬಲು ಚಿಕ್ಕದು, ಒಮ್ಮೆ ಹೋಗದಿದ್ದರೆ ಮತ್ತೆ ಕಳುಹಬಹುದು. ಮೂರನೆಯ ಸಲಕ್ಕೆ ಅದು ಹೋಯಿತು. ಅತ್ತ ತಂಗಿಯ ಮಗ ಓದಿ ಹೇಳಿದ; ತಾಯಿ ಸಹಿ ಹಾಕಿದರು; ಶಸ್ತ್ರಚಿಕಿತ್ಸೆ ಸಫಲವಾಯಿತು. ಆದರೆ ಅದಕ್ಕೆ ಮೊದಲಿನ ಅರ್ಧ ಗಂಟೆ, ಇಂತಹ ಹೊತ್ತಿನಲ್ಲಿ ಮಗ ಮೌನವಾಗಿದ್ದಾನೆ ಎಂದೇ ಆ ತಾಯಿ ತಿಳಿದಿದ್ದರು.

ಕಡಲಿನಲ್ಲಿ ಕರೆಗೆ ಇನ್ನೆರಡು ಎಲ್ಲೆಗಳುಂಟು. ಮೊದಲನೆಯದು ಭೂಮಿಯ ಬಾಗು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ಬಂಡೆಯ ಮೇಲೆ ಎತ್ತರಕ್ಕೆ ನಿಲ್ಲಿಸಿರುವುದು ಬೆಳಕು ಈ ಬಾಗಿನಾಚೆಗೂ ಕಾಣಲೆಂದು. ಟವರಿಗೂ ಇದೇ ನ್ಯಾಯ. 40 ಮೀಟರ್ ಎತ್ತರದ ಟವರಿನ ದಿಗಂತ ಸುಮಾರು 26 ಕಿ.ಮೀ.; ಹಡಗಿನಲ್ಲಿ 25 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ ಇನ್ನೂ ಸುಮಾರು 20 ಕಿ.ಮೀ. ಕೂಡುತ್ತದೆ. ಎರಡನೆಯದು ಕಾಲದ ಎಲ್ಲೆ. 2ಜಿ ವ್ಯವಸ್ಥೆಯಲ್ಲಿ ಪ್ರತಿಯೊಂದು ಮೊಬೈಲಿಗೂ ನುಡಿಯಲು ಒಂದು ಕ್ಷಣಾಂಶವನ್ನು ಹಂಚಿರುತ್ತಾರೆ. ಸಾಮಾನ್ಯವಾಗಿ 35 ಕಿ.ಮೀ. ಮೀರಿದರೆ ಮೊಬೈಲಿನ ಉತ್ತರ ತಡವಾಗಿ ತಲುಪಿ ಮತ್ತೊಬ್ಬರ ಸರದಿಯೊಳಗೆ ಬೀಳುತ್ತದೆ. ಆದ್ದರಿಂದ ಟವರು ಅದನ್ನು ಸ್ವೀಕರಿಸುವುದಿಲ್ಲ. 4ಜಿಯ ವ್ಯಾಪ್ತಿ ಇನ್ನೂ ಹೆಚ್ಚಿರಬಲ್ಲುದಾದರೂ ಅದನ್ನು ಕಂಪನಿಗಳು ಆಯಾ ಟವರಿಗೆ ತಕ್ಕಂತೆ ನಿಗದಿ ಮಾಡಿರುತ್ತವೆ.

ಆ ಹಡಗಿನ ವಿದ್ಯುತ್ ಅಧಿಕಾರಿ ಕಪ್ತಾನರ ಒಪ್ಪಿಗೆಯೊಡನೆ ಮುಂದೆ ಮಾಡಿದ ಏರ್ಪಾಡು ಸರಳವಾದುದು. ಎತ್ತರದ ಕಂಬಿಯಲ್ಲಿ, ಉಕ್ಕಿನ ಮರೆಯಿಲ್ಲದ ಕಡೆ, ಸುತ್ತಣ ಎಲ್ಲ ದಿಕ್ಕುಗಳ ಅಲೆಗಳನ್ನೂ ಹಿಡಿಯುವ ಆಂಟೆನಾ ಕಟ್ಟಿದರು. ಒಂದೇ ದಿಕ್ಕಿಗೆ ಮುಖ ಮಾಡಿದ ಆಂಟೆನಾ ದೂರ ಮುಟ್ಟುವುದು ನಿಜ. ಹಡಗು ಹೊರಳಿದರೆ ಅದು ತೀರವನ್ನು ಬಿಟ್ಟು ಬರಿಯ ಕಡಲನ್ನು ನೋಡುತ್ತ ನಿಲ್ಲುತ್ತದೆ. ತೆಳುವಾದ ತಂತಿಯ 10 ಮೀಟರಿನಲ್ಲಿಯೇ ಅರ್ಧಕ್ಕಿಂತ ಹೆಚ್ಚು ಬಲ ಸೋರಿಹೋಗಬಹುದಾದ್ದರಿಂದ ರೂಟರನ್ನು ಆಂಟೆನಾದ ಸಮೀಪದಲ್ಲಿಯೇ ಇರಿಸಿ, ಅಲ್ಲಿಂದ ಈಥರ್‌ನೆಟ್ ತಂತಿಯನ್ನು ವಾಸದ ಕೋಣೆಗಳಿಗೆ ಎಳೆದರು. ಎರಡು ಬೇರೆ ಕಂಪನಿಗಳ ಸಿಮ್ ಹಾಕಿದರು. 700ರಿಂದ 900 ಮೆಗಾಹರ್ಟ್ಸ್ ವರೆಗಿನ ತಗ್ಗಿನ ತರಂಗಗಳು ಹೆಚ್ಚು ದೂರ ಬರುವುದರಿಂದ ಅವುಗಳನ್ನೇ ಮೊದಲು ಹಿಡಿಯುವಂತೆ ಹೊಂದಿಸಿದರು. ಅನುಮತಿಯಿಲ್ಲದ ಸಿಗ್ನಲ್ ಬೂಸ್ಟರನ್ನು ಮಾತ್ರ ಮುಟ್ಟಲಿಲ್ಲ. ಭಾರತದಲ್ಲಿ ಅದು ಕಾನೂನುಬಾಹಿರ. ತನ್ನ ಕೂಗಿನಿಂದ ಇತರರ ಮಾತನ್ನು ಕೆಡಿಸುವ ಸಾಧನವದು. ಇದೆಲ್ಲ ಆದ ಮೇಲೂ ತೀರದಿಂದ ಬಹುದೂರ ಹೋದರೆ ಸಂಪರ್ಕ ಕಡಿಯುತ್ತದೆ. ಆದರೆ ತೀರದ ಸನಿಹದಲ್ಲಿ ಈಗ ಅತ್ತಣ ಮಾತು ಇತ್ತ, ಇತ್ತಣ ಮಾತು ಅತ್ತ ತಲುಪುತ್ತಿದೆ.

ಇಲ್ಲಿ ಸಾಧಕರು ಗಮನಿಸಬೇಕಾದ ಸಂಗತಿಯೊಂದಿದೆ. ತೀರದ ಟವರು ಬದಲಾಗಲಿಲ್ಲ, ಅದರ ಬಲ ಹೆಚ್ಚಲಿಲ್ಲ. ಉಕ್ಕಿನ ಮರೆಯಲ್ಲಿದ್ದುದು ಹೊರಗೆ ಬಂದಿತು, ಅಷ್ಟೆ. ಭಕ್ತನ ಬಾಳಿನಲ್ಲಿಯೂ ಗುರುವಿನ ಕರೆ ಬಲವಾಗಿಯೇ ಬರುತ್ತಿರುತ್ತದೆ. ಪ್ರವಚನ ಕೇಳುತ್ತೇವೆ, ವಚನಗಾಯನ ಕೇಳುತ್ತೇವೆ. ಗೆರೆಗಳು ತುಂಬಿ ಕಾಣುತ್ತವೆ. ಅಷ್ಟಕ್ಕೇ ಸಂಬಂಧ ಕೂಡಿತೆಂದು ಭ್ರಮಿಸುತ್ತೇವೆ. ಶರಣರು ಅರಿವಿನೊಡನೆ ಆಚಾರವನ್ನು ಇರಿಸಿದ್ದು ಇದಕ್ಕಾಗಿಯೇ ಇರಬೇಕು. ಕೇಳಿದ್ದು ಅರಿವಾದರೆ, ಅದಕ್ಕೆ ನಾವು ಕೊಡುವ ಮರುನುಡಿ ಆಚಾರ. ‘ನಾನು, ನನ್ನದು’ ಎಂಬ ಕಬ್ಬಿಣದ ಗೋಡೆಯೊಳಗೆ ನಿಂತು ಎಷ್ಟು ಕೂಗಿದರೂ ಆ ಮರುನುಡಿ ಹೊರಗೆ ಹೋಗದು. ಮರೆಯ ಹೊರಗೆ ಬಂದು ಮಾಡಿದ ಒಂದು ಸಣ್ಣ ಸತ್ಕಾರ್ಯ, ಆ ಒಂದು ಸಾಲಿನ ಸಂದೇಶದಂತೆ, ಹೋಗಿ ಮುಟ್ಟುತ್ತದೆ.

ಕಡಲಿನಲ್ಲಿ ದುಡಿಯುವವರ ಮನೆಯವರಿಗೆ ಕೊನೆಯದಾಗಿ ಎರಡು ಮಾತು. ನಾವಿಕರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. 2022ರಲ್ಲಿ ಒಪ್ಪಿ, 2024ರ ಡಿಸೆಂಬರ್ 23ರಿಂದ ಜಾರಿಗೆ ಬಂದ ಅದರ ತಿದ್ದುಪಡಿಯಲ್ಲಿ ಹಡಗಿನ ಕಾರ್ಮಿಕರಿಗೆ ಮನೆಯೊಡನೆ ಸಂಪರ್ಕದ ಸೌಕರ್ಯವೂ ಸೇರಿದೆ. ಆದ್ದರಿಂದ ಇದನ್ನು ಕೇಳಲು ಸಂಕೋಚ ಬೇಡ. ಕರೆ ಹೋಗದಿದ್ದಾಗ ಒಂದು ಸಾಲು ಬರೆದು ಕಳುಹಿರಿ. ಉತ್ತರ ಬಾರದಿದ್ದರೆ ಮರೆತರೆಂದು ಭಾವಿಸದಿರಿ. ಆ ಹೊತ್ತಿನಲ್ಲಿ ಅವರು ಕಬ್ಬಿಣದ ಗೋಡೆಯ ಒಳಗೆ ನಿಂತು ಮಾತನಾಡುತ್ತಲೇ ಇರಬಹುದು.