ಕ್ಷಮೆ ಮತ್ತು ಅಧಿಕಾರ : ಹಳೇಬೀಡಿನ ಒಂದು ಶಾಸನದ ಪಾಠ

ಕಳೆದ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ರಾಜಾಜಿನಗರದಲ್ಲಿ ನಮ್ಮ ಸಮಾಜದ ಕೆಲವು ಕುಟುಂಬಗಳು ಸೇರಿದ್ದೆವು. ಪರಸ್ಪರ ಕ್ಷಮಾಯಾಚನೆ ಮುಗಿದು, ಸೂರ್ಯಾಸ್ತಕ್ಕೆ ಮುನ್ನ ಫಲಾಹಾರಕ್ಕೆ ಕುಳಿತಾಗ ತರುಣರೊಬ್ಬರು ಒಂದು ಪ್ರಸ್ತಾವವನ್ನು ಮುಂದಿಟ್ಟರು. ಹಿಂದಿನ ಶತಮಾನಗಳಲ್ಲಿ ಈ ನಾಡಿನ ಎಷ್ಟೋ ಬಸದಿಗಳು ಕೈತಪ್ಪಿದವು, ಜಿನಬಿಂಬಗಳು ಭಗ್ನವಾದವು. ಆದುದರಿಂದ ನಾವೆಲ್ಲರೂ ಸಹಿ ಮಾಡಿ ರಾಜ್ಯಪಾಲರಿಗೆ ಒಂದು ಮನವಿಯನ್ನು ಸಲ್ಲಿಸಬೇಕು, ರಾಜ್ಯದ ಪರವಾಗಿ ಅವರು ವಿಷಾದವನ್ನು ಸೂಚಿಸಬೇಕು ಎಂಬುದು ಅವರ ಅಪೇಕ್ಷೆ. ಶಾಸನಗಳನ್ನು ಅಲ್ಪಸ್ವಲ್ಪ ಓದಿಕೊಂಡವನೆಂಬ ಕಾರಣಕ್ಕೆ ಮನವಿಯ ಕರಡನ್ನು ಬರೆಯುವ ಹೊಣೆ ನನ್ನ ಮೇಲೆ ಬಿದ್ದಿತು. ನಾನು ಒಪ್ಪಿಕೊಂಡೆ. ಆ ಕರಡು ನನ್ನನ್ನು ಎಲ್ಲಿಗೆ ಕರೆದೊಯ್ದಿತೆಂಬುದನ್ನು ವಾಚಕರ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಗತಕಾಲದ ಅನ್ಯಾಯವನ್ನು ಒಬ್ಬ ಪ್ರಾಂತಾಧಿಪತಿಯು ಹೇಗೆ ಸರಿಪಡಿಸಬಲ್ಲನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ಬಹುಮಂದಿ ಕಂಡಿದ್ದೀರಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ಜಿನಾಲಯವದು. ಅರಸನಿಗೆ ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಒಟ್ಟಿಗೆ ದೊರೆತ ಕಾಲದಲ್ಲಿ ಪ್ರತಿಷ್ಠೆಯಾದುದರಿಂದ ಸ್ವಾಮಿಗೆ ವಿಜಯ ಪಾರ್ಶ್ವನಾಥನೆಂಬ ಹೆಸರು ಬಂದಿತು. ಅಲ್ಲಿಯ ಕಂಬಗಳು ಕನ್ನಡಿಯಂತೆ ಹೊಳೆಯುವುದರಿಂದ ಪ್ರಸಿದ್ಧವಾಗಿವೆ. ಎದುರು ನಿಂತವನ ಮುಖ ಅದರಲ್ಲಿ ಕಾಣುತ್ತದೆ.

ಬಸದಿ ಕಟ್ಟಿ ಐದು ಶತಮಾನಗಳಾದ ಮೇಲೆ ಆ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬ ವೀರಶೈವರು ಲಿಂಗಮುದ್ರೆಯನ್ನು ಒತ್ತಿಸಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಇಷ್ಟು ಸಾಕು, ಊರು ಹೊತ್ತಿ ಉರಿಯಲು. ಆಗ ಬೇಲೂರು ಸೀಮೆಯನ್ನು ಆಳುತ್ತಿದ್ದವನು ವೆಂಕಟಾದ್ರಿ ನಾಯಕ. ಹಾಸನದ ಪದ್ಮಣ್ಣ ಸೆಟ್ಟಿಯೇ ಮೊದಲಾದ ಜೈನರು ತಮ್ಮ ಅಳಲನ್ನು ತೋಡಿಕೊಂಡರು. ಹಳೇಬೀಡಿನ ವೀರಶೈವ ಹಿರಿಯರು ಮಹಾಮಹತ್ತಿನ ಸಭೆ ಸೇರಿ ತೀರ್ಪನ್ನಿತ್ತರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಆಗಮದ ಪ್ರಕಾರ ಅಭಿಷೇಕ ಪೂಜಾದಿಗಳನ್ನು ಹಿಂದಿನಂತೆ ಆಚಂದ್ರಾರ್ಕವಾಗಿ ನಡೆಸಿಕೊಂಡು ಬರತಕ್ಕದ್ದು; ಇದಕ್ಕೆ ಅಡ್ಡಿಪಡಿಸಿದ ವೀರಶೈವನು ಶಿವದ್ರೋಹಿ, ಜಂಗಮದ್ರೋಹಿ. ಆ ಒಪ್ಪಂದ ಬರಿಯ ಮಾತಾಗಿ ಉಳಿಯದೆ 1638ರಲ್ಲಿ ಶಿಲಾಶಾಸನವಾಯಿತು. ನಾಯಕನ ಬಲಗೈಯಂತಿದ್ದ ಮಂತ್ರಿ ಕೃಷ್ಣಪ್ಪಯ್ಯನು ಅದನ್ನು ಜಿನಶಾಸನವೆಂದು ಜೈನರ ಕೈಗೆ ಒಪ್ಪಿಸಿದನು.

ಈ ತೀರ್ಪನ್ನು ಓದುವಾಗ ನಮ್ಮವರಲ್ಲಿ ಕೆಲವರಿಗೆ ಕಸಿವಿಸಿಯಾಗುತ್ತದೆ. ನಮ್ಮ ಬಸದಿಯಲ್ಲಿ ನಾವೇಕೆ ಮೊದಲು ವಿಭೂತಿಯನ್ನು ಕೊಡಬೇಕು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಇದು ಸರಿಸಮಾನರ ಒಪ್ಪಂದವಲ್ಲ. ಬಲಿಷ್ಠರ ನಡುವೆ ಬದುಕಬೇಕಾದ ಅಲ್ಪಸಂಖ್ಯಾತರಿಗೆ ದೊರೆತ ರಕ್ಷಣೆ. ಆದರೆ ಅದರಲ್ಲಿ ಅಮೂಲ್ಯವಾದ ಒಂದು ಅಂಶವಿದೆ. ಅಡ್ಡಿಪಡಿಸಿದವನಿಗೆ ಶಾಪವನ್ನು ಹಾಕಿದವರು ಜೈನರಲ್ಲ, ನಾಯಕನೂ ಅಲ್ಲ. ಸ್ವತಃ ವೀರಶೈವ ಹಿರಿಯರು. ತಮ್ಮವನು ಮಾಡಿದ ತಪ್ಪಿಗೆ ತಮ್ಮ ದೇವರ ಹೆಸರಿನಲ್ಲೇ ಅವರು ಬೇಲಿ ಹಾಕಿದರು. ಬಸವೇಶ್ವರನಗರದಲ್ಲಿರುವ ನನ್ನ ವೀರಶೈವ ಮಿತ್ರರೊಬ್ಬರು, ನಿವೃತ್ತ ಉಪಾಧ್ಯಾಯರು, ಈ ಪಾಠವನ್ನು ಕೇಳಿ ಹೇಳಿದ ಮಾತು ಇದು: “ಮುದ್ರೆ ಒತ್ತಿದವನೂ ನಮ್ಮವನೇ, ಕಲ್ಲು ನೆಡಿಸಿದವರೂ ನಮ್ಮವರೇ. ನೀವು ಬರೆಯುವಾಗ ಎರಡನ್ನೂ ಬರೆಯಿರಿ.” ಬರೆದಿದ್ದೇನೆ.

ಇದಕ್ಕೂ 270 ವರ್ಷಗಳ ಹಿಂದಿನ ನಿದರ್ಶನವು ಎಲ್ಲರಿಗೂ ಪರಿಚಿತವಾದುದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳ ಜೈನರು ತಮಗಾದ ಅನ್ಯಾಯವನ್ನು 1368ರಲ್ಲಿ ಬುಕ್ಕರಾಯನಿಗೆ ಬಿನ್ನವಿಸಿದರು. ರಾಯನು ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನು ಕರೆಸಿ, ಜೈನರ ಕೈಯನ್ನು ಅವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಸ್ಥಿರವಾಯಿತು. ಜೈನರು ಮನೆಗೆ ವರ್ಷಕ್ಕೆ ಒಂದು ಹಣವನ್ನು ಕೂಡಿಸಬೇಕು; ಅದರಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು; ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕಾಪಾಡುವ ಹೊಣೆ ವೈಷ್ಣವರದು, ವೆಚ್ಚ ಜೈನರದು. ಈ ಶಾಸನವು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಇದೇ ಒಪ್ಪಂದದ ಇನ್ನೊಂದು ಶಾಸನವು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ನಾವು ದಿನವೂ ಓಡಾಡುವ ಮಾಗಡಿ ರಸ್ತೆ ಅದೇ ದಿಕ್ಕಿಗೆ ಸಾಗುತ್ತದೆ. ವಿದ್ವಾಂಸರು ಕಲ್ಲೇಹವನ್ನು ಈ ಕಲ್ಯವೆಂದೇ ಗುರುತಿಸಿದ್ದಾರೆ. ಅರಸನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದವನು ಕಲ್ಲೇಹದ ಬುಸುವಿ ಸೆಟ್ಟಿ, ನಮ್ಮಂತೆಯೇ ಒಬ್ಬ ವರ್ತಕ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.

ಅಧಿಕಾರದ ಮಿತಿಯೂ ಇಲ್ಲಿ ಸ್ಪಷ್ಟವಾಗುತ್ತದೆ. ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ರಾಜಾಜಿಯವರು 1947ರ ಆಗಸ್ಟ್ 15ರಂದು ಪಶ್ಚಿಮ ಬಂಗಾಳದ ರಾಜ್ಯಪಾಲರಾದರು. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ನಡೆದ ಕಲ್ಕತ್ತೆಯ ಹತ್ಯಾಕಾಂಡದ ಗಾಯ ಇನ್ನೂ ಹಸಿಯಾಗಿತ್ತು. ಮತ್ತೆ ಗಲಭೆ ಎದ್ದಾಗ ಸೆಪ್ಟೆಂಬರ್ 1ರಂದು ಗಾಂಧೀಜಿ ಉಪವಾಸವನ್ನು ಕೈಗೊಂಡರು. ರಾಜಾಜಿಯವರು ಅದನ್ನು ತಡೆಯಲು ಯತ್ನಿಸಿ ಸೋತರು. ಎರಡೂ ಪಕ್ಷಗಳ ಮುಖಂಡರು ಶಾಂತಿಯ ಹೊಣೆಯನ್ನು ಬರವಣಿಗೆಯಲ್ಲಿ ಹೊತ್ತ ಮೇಲೆ ಸೆಪ್ಟೆಂಬರ್ 4ರಂದು ಉಪವಾಸ ಮುಗಿಯಿತು. ಗಾಂಧೀಜಿಯವರ ಸಾಧನೆಗಳಲ್ಲಿ ಸ್ವಾತಂತ್ರ್ಯಕ್ಕಿಂತಲೂ ಕಲ್ಕತ್ತೆಯ ಈ ಜಯವೇ ಅದ್ಭುತವಾದುದೆಂದು ರಾಜಾಜಿಯವರೇ ಆಮೇಲೆ ಹೇಳಿದರು. ರಾಜ್ಯಪಾಲರ ಬಳಿ ಪೊಲೀಸರಿದ್ದರು. ಶಾಂತಿಯ ಮಾತನ್ನು ಕೊಡಬೇಕಾದವರು ಮಾತ್ರ ನೆರೆಹೊರೆಯವರೇ ಆಗಿದ್ದರು.

ಹಾಗಾದರೆ ಅಧಿಕಾರಸ್ಥಾನದಲ್ಲಿ ಇರುವವರು ವಿಷಾದ ಸೂಚಿಸುವುದರಿಂದ ಪ್ರಯೋಜನವಿಲ್ಲವೆ? ಇದಕ್ಕೆ ಅಮೆರಿಕದ ಕೊಲೊರಾಡೊ ಸಂಸ್ಥಾನದ ವೃತ್ತಾಂತ ಬೆಳಕನ್ನು ಬೀರುತ್ತದೆ. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್ ಎಂಬ ಹೊಳೆಯ ದಡದಲ್ಲಿ ಬಿಡಾರ ಹೂಡಿದ್ದ ಶಾಯೆನ್ ಮತ್ತು ಅರಾಪಾಹೊ ಮೂಲನಿವಾಸಿಗಳ ಮೇಲೆ ಸೈನಿಕರು ಎರಗಿ ಸುಮಾರು 230 ಮಂದಿಯನ್ನು ಕೊಂದರು. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ವೃದ್ಧರು. ಅಂದಿನ ಗವರ್ನರ್ ಜಾನ್ ಇವಾನ್ಸ್ ಅದೇ ಆಗಸ್ಟ್‌ನಲ್ಲಿ, ಹಗೆಗಳೆನಿಸಿದ ಮೂಲನಿವಾಸಿಗಳನ್ನು ಪ್ರಜೆಗಳೇ ಕೊಲ್ಲಬಹುದೆಂದು ಘೋಷಣೆಯನ್ನು ಹೊರಡಿಸಿದ್ದನು. ನೂರೈವತ್ತು ವರ್ಷಗಳ ಅನಂತರ, 2014ರ ಡಿಸೆಂಬರ್‌ನಲ್ಲಿ, ಗವರ್ನರ್ ಹಿಕನ್‌ಲೂಪರ್ ಹತರಾದವರ ವಂಶಸ್ಥರ ಮುಂದೆ ನಿಂತು ಕ್ಷಮೆ ಕೋರಿದರು. ಆದರೆ ಆ ಹಳೆಯ ಘೋಷಣೆ ಕಡತದಲ್ಲಿ ರದ್ದಾಗದೆ ಹಾಗೆಯೇ ಉಳಿದಿತ್ತು. ಅದನ್ನು ವಿಧಿವತ್ತಾಗಿ ರದ್ದುಪಡಿಸಿದವರು 2021ರ ಆಗಸ್ಟ್‌ನಲ್ಲಿ ಗವರ್ನರ್ ಪೋಲಿಸ್. ಕ್ಷಮೆಯ ಮಾತಿಗೂ ತಪ್ಪು ನಮೂದನ್ನು ಹೊಡೆದುಹಾಕುವುದಕ್ಕೂ ನಡುವೆ ಏಳು ವರ್ಷಗಳು ಕಳೆದವು.

ಲೆಕ್ಕಪತ್ರ ಬರೆದು ಜೀವನ ಸಾಗಿಸಿದ ನನಗೆ ಈ ಏಳು ವರ್ಷಗಳ ಅಂತರ ಚುಚ್ಚಿತು. ಆ ಚುಚ್ಚುವಿಕೆಗೆ ಕಾರಣವು ಕೊಲೊರಾಡೊದಲ್ಲಿರಲಿಲ್ಲ, ನನ್ನದೇ ಅಂಗಡಿಯಲ್ಲಿತ್ತು.

1992ರ ದೀಪಾವಳಿಯ ಲೆಕ್ಕದಲ್ಲಿ ನಮ್ಮ ಅಂಗಡಿಯ ನಗದು 4,500 ರೂಪಾಯಿ ಕಡಮೆ ಬಂದಿತು. ನಗದನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತರನ್ನು ನಾನು ಸಂಶಯಿಸಿದೆ. ಅವರು ಆಣೆ ಮಾಡಿ ಅಲ್ಲಗಳೆದರು. ನಾನು ಬಾಕಿಯಿದ್ದ ಮೂರು ತಿಂಗಳ ಸಂಬಳವನ್ನು ಹಿಡಿದುಕೊಂಡು, ಇತರ ಕೆಲಸಗಾರರ ಎದುರಿನಲ್ಲೇ ಅವರನ್ನು ಹೊರಗೆ ಕಳುಹಿಸಿದೆ. ಎರಡು ವರ್ಷಗಳ ತರುವಾಯ ಹಳೆಯ ಪುಸ್ತಕಗಳನ್ನು ತಿರುವುವಾಗ ತಪ್ಪು ಸಿಕ್ಕಿತು. 2,750 ರೂಪಾಯಿಯ ಒಂದು ಜಮೆಯನ್ನು 7,250 ಎಂದು ಬರೆದಿತ್ತು. ಅಕ್ಷರ ನನ್ನದು. ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೇ ನೋಡಬೇಕೆಂದು ಬಿ.ಕಾಂ. ತರಗತಿಯಲ್ಲಿ ಕಲಿತಿದ್ದೆ. ಆ ದಿನ ಅದು ನೆನಪಾಗಲಿಲ್ಲ. ಏಕೆಂದರೆ ಸಂಶಯ ಪಡಲು ಒಬ್ಬ ಬಡವರು ಹತ್ತಿರದಲ್ಲೇ ಇದ್ದರು. ನಾನು ಪುಸ್ತಕವನ್ನು ಸದ್ದಿಲ್ಲದೆ ತಿದ್ದಿದೆ. ಅವರಿಗೆ ಹೇಳಲಿಲ್ಲ. ಪ್ರತಿ ವರ್ಷವೂ ಕ್ಷಮಾವಾಣಿಯ ಅಚ್ಚಾದ ಕಾರ್ಡನ್ನು ಮಾತ್ರ, ಇನ್ನೂರು ಮಂದಿಗೆ ಕಳುಹಿಸುವಂತೆ, ಅವರಿಗೂ ಕಳುಹಿಸುತ್ತಿದ್ದೆ.

ನಮ್ಮ ಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ತನ್ನ ದೋಷವನ್ನು ಮುಚ್ಚದೆ ನಿವೇದಿಸುವುದು. ಆ ಆಲೋಚನೆಗೂ ಹತ್ತು ದೋಷಗಳನ್ನು ಆಚಾರ್ಯರು ಹೇಳಿದ್ದಾರೆ. ಅವುಗಳಲ್ಲೊಂದು ಶಬ್ದಾಕುಲಿತ: ಹಲವರು ಒಟ್ಟಿಗೆ ದೋಷ ನಿವೇದಿಸುವ ಗದ್ದಲದ ನಡುವೆ ತನ್ನದನ್ನೂ ಸೇರಿಸಿ, ಕೇಳಬೇಕಾದವರಿಗೆ ಸ್ಪಷ್ಟವಾಗಿ ಕೇಳಿಸದಂತೆ ಹೇಳುವುದು. ಈ ಸೂಕ್ಷ್ಮವನ್ನು ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಇತರರಿಗೆ ವಿವರಿಸಿದ್ದೇನೆ. ನನ್ನ ಅಚ್ಚಾದ ಕಾರ್ಡು ಅದೇ ದೋಷವೆಂದು ಮನವಿಯ ಕರಡನ್ನು ಬರೆಯುವವರೆಗೆ ನನಗೆ ಹೊಳೆದಿರಲಿಲ್ಲ. ರಾಜ್ಯಪಾಲರಿಂದ ನಾಲ್ಕು ಶತಮಾನಗಳ ಲೆಕ್ಕವನ್ನು ಕೇಳಹೊರಟವನು ಮೂವತ್ತು ವರ್ಷಗಳ ಲೆಕ್ಕವನ್ನು ಕೊಡದೆ ಕುಳಿತಿದ್ದೆ.

ಅವರ ಮನೆ ಕೆಂಗೇರಿಯಲ್ಲಿದೆ. ಒಂದು ಭಾನುವಾರ ಹೋದೆ. ನಡೆದುದನ್ನು ಹೇಳಿ, ಹಿಡಿದುಕೊಂಡಿದ್ದ ಸಂಬಳವನ್ನು ಬಡ್ಡಿಸಹಿತ ಮುಂದಿಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಹಣವನ್ನು ಎರಡು ಸಲ ಎಣಿಸಿ, ಹಿಂದಿನ ಅದೇ ದುಂಡಗಿನ ಅಕ್ಷರದಲ್ಲಿ ರಸೀದಿ ಬರೆದುಕೊಟ್ಟರು. “ನೀವು ಹೇಳಿದುದನ್ನು ಬರೆದು ಸಹಿ ಮಾಡಿಕೊಡಿ. ನನ್ನ ಮಗನಿಗೆ ತೋರಿಸಬೇಕು. ಅವಳಿದ್ದಿದ್ದರೆ ಅವಳಿಗೂ ಓದಿ ಹೇಳುತ್ತಿದ್ದೆ” ಎಂದರು. ಬರೆದುಕೊಟ್ಟೆ. ಕ್ಷಮಿಸಿದ್ದೇನೆಂದು ಅವರು ಹೇಳಲಿಲ್ಲ; ಕೇಳುವ ಹಕ್ಕು ನನಗೂ ಇರಲಿಲ್ಲ.

ಬುಕ್ಕರಾಯನೂ ಕೃಷ್ಣಪ್ಪಯ್ಯನೂ ಕಲ್ಲಿನಲ್ಲೇ ಏಕೆ ಬರೆಯಿಸಿದರೆಂಬುದು ಅಂದು ನನಗೆ ಅರ್ಥವಾಯಿತು. ನೊಂದವನಿಗೆ ಬೇಕಾದುದು ನಮ್ಮ ಪಶ್ಚಾತ್ತಾಪದ ಮಾತಿಗಿಂತ ಹೆಚ್ಚಾಗಿ, ಮುಂದಿನ ತಲೆಮಾರಿಗೆ ತೋರಿಸಬಹುದಾದ ಒಂದು ಬರಹ. ಆದಾಯ ತೆರಿಗೆಯ ಕಾನೂನು ವ್ಯಾಪಾರದ ನಷ್ಟವನ್ನು ಎಂಟು ವರ್ಷ ಮಾತ್ರ ಮುಂದಕ್ಕೆ ಒಯ್ಯಲು ಬಿಡುತ್ತದೆ. ಅದಕ್ಕೂ ಆ ನಷ್ಟವನ್ನು ಸಕಾಲದಲ್ಲಿ ಘೋಷಿಸಿರಬೇಕು. ಸಮುದಾಯದ ನೋವನ್ನೂ ಅನಂತಕಾಲ ಮುಂದಕ್ಕೆ ಒಯ್ಯಬಾರದೆಂಬುದು ಸರಿ. ಆದರೆ ಬರೆಯದಿರುವ ನಷ್ಟವನ್ನು ಯಾವ ಪುಸ್ತಕದಲ್ಲಿ ಮುಗಿಸುವುದು? ಈ ಮಟ್ಟಿಗೆ ಆ ತರುಣರು ಹೇಳಿದ್ದು ನ್ಯಾಯವೇ ಆಗಿತ್ತು.

ಕೊನೆಗೆ ನಾನು ಬರೆದ ಕರಡಿನಲ್ಲಿ ಒಟ್ಟಾರೆ ವಿಷಾದದ ಬೇಡಿಕೆಯನ್ನು ಬಿಟ್ಟೆ. ಹಾಳುಬಿದ್ದ ಬಸದಿಗಳಲ್ಲಿ ದ್ವೇಷದಿಂದ ಕೆಟ್ಟವು ಇರುವಂತೆಯೇ ನಾವು ಊರು ಬಿಟ್ಟು ಬೆಂಗಳೂರನ್ನು ಸೇರಿದುದರಿಂದ ಕೆಟ್ಟವೂ ಇವೆ. ಅವನ್ನು ಒಂದೊಂದಾಗಿ ಪಟ್ಟಿಮಾಡಿ, ಯಾವುದು ಹೇಗೆ ಕೆಟ್ಟಿತೆಂಬುದನ್ನು ಸಾಕ್ಷ್ಯವಿದ್ದಷ್ಟು ಮಾತ್ರ ಬರೆದು, ರಕ್ಷಣೆಯನ್ನು ಸರ್ಕಾರದಿಂದ ಕೇಳುವುದು; ಸುಣ್ಣದ ವೆಚ್ಚಕ್ಕೆ ನಮ್ಮಲ್ಲಿ ಮನೆಗೊಂದು ಹಣವನ್ನು ಕೂಡಿಸುವುದು; ಪಟ್ಟಿಗೆ ಆಯಾ ಊರಿನ ಇತರ ಮತದ ಹಿರಿಯರ ಸಹಿಯನ್ನೂ ಬೇಡುವುದು. ಸಭೆಯಲ್ಲಿ ಕೆಲವರು ಇದು ತೀರ ಮೆತ್ತಗಾಯಿತೆಂದರು. ಆ ತರುಣರು ಮಾತ್ರ ಮೊದಲ ಪಟ್ಟಿಗೆ ಕಲ್ಯಕ್ಕೆ ಹೋಗೋಣವೆಂದರು. ಮುಂದಿನ ತಿಂಗಳು ಹೊರಡುತ್ತೇವೆ. ಬಸವೇಶ್ವರನಗರದ ಉಪಾಧ್ಯಾಯ ಮಿತ್ರರೂ ನಮ್ಮೊಡನೆ ಬರುತ್ತಾರೆ.