ಸೆಕ್ಟರ್ 73ರ ಬಾವಿಕಟ್ಟೆ

“ಅಲ್ಲಿ ಸಮುದ್ರ ಇಲ್ವಲ್ಲ ಮಾರಾಯ, ಹೇಗಿರ್ತೀಯ?” ನೋಯ್ಡಾಕ್ಕೆ ಬಂದು ನೆಲೆಸಿದ ಮೇಲೆ ಊರಿಗೆ ಹೋದಾಗಲೆಲ್ಲ ಇದೇ ಪ್ರಶ್ನೆ. ನನ್ನೂರು ಕುಮಟಾ. ಹನ್ನೊಂದು ವರ್ಷ ಅರಬ್ಬಿ ಸಮುದ್ರದ ನಡುವೆ, ಮುಂಬಯಿ ಹೈ ಕಡೆಯ ಡ್ರಿಲ್ಲಿಂಗ್ ರಿಗ್ಗುಗಳಲ್ಲಿ ದುಡಿದವನು. ಈಗ ಇಲ್ಲಿ ಮೇಜಿನ ಕೆಲಸ. ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು.

ತಮಾಷೆಯೆಂದರೆ, ದೇಶದ ಕಡಲೊಳಗಿನ ತೈಲ ಬಾವಿಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಕಚೇರಿ ಇರುವುದು ಇದೇ ಊರಲ್ಲಿ. ಹೆಸರು ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ, ನಮ್ಮ ಬಾಯಲ್ಲಿ ಓಐಎಸ್‌ಡಿ. 1986ರಲ್ಲಿ ಶುರುವಾದದ್ದು. ಕಳೆದ ತಿಂಗಳು ಕೆಲಸವೊಂದರ ಮೇಲೆ ಅಲ್ಲಿಗೆ ಹೋಗಿದ್ದೆ. ಬ್ಲೂ ಲೈನಿನ ಸೆಕ್ಟರ್ 52ರಲ್ಲಿ ಇಳಿದು ಈ-ರಿಕ್ಷಾ ಹತ್ತಿದರೆ ಸೆಕ್ಟರ್ 73. ಒಂದು ಕಡೆ ಸರ್ಫಾಬಾದ್ ಹಳ್ಳಿಯ ಎಮ್ಮೆಗಳು, ಇನ್ನೊಂದು ಕಡೆ ಮುಗಿಲು ಮುಟ್ಟುವ ಫ್ಲಾಟುಗಳು, ನಡುವೆ ಧೂಳು. ಅಲ್ಲೇ ಓಐಡಿಬಿ ಭವನ. ಉಪ್ಪುಗಾಳಿಯ ಸುಳಿವೂ ಇಲ್ಲದ ಜಾಗ.

ಆ ಕಟ್ಟಡದ ಎದುರು ನಿಂತಾಗ ನನಗೆ ನೆನಪಾದದ್ದು ನಮ್ಮ ಮನೆಯ ಬಾವಿ. ಕನ್ನಡದಲ್ಲಿ ನೀರಿಗೂ ಬಾವಿ, ಎಣ್ಣೆಗೂ ಬಾವಿ. ನಮ್ಮ ಬಾವಿಗೆ ಚಿರೇಕಲ್ಲಿನ ಕಟ್ಟೆ ಇತ್ತು, ಸೊಂಟದ ಎತ್ತರಕ್ಕೆ. ಆದರೂ ನಾವು ಮಕ್ಕಳು ಅದರ ಮೇಲೇ ಹತ್ತಿ ಕೂರುತ್ತಿದ್ದೆವು. “ಇಳೀರೋ ಕೆಳಗೆ!” ಎಂದು ಅಡುಗೆಮನೆಯಿಂದಲೇ ಅಜ್ಜಿಯ ಕೂಗು. ಕಟ್ಟೆ ಅರ್ಧ ಕೆಲಸ ಮಾಡುತ್ತಿತ್ತು, ಅಜ್ಜಿಯ ಗಂಟಲು ಇನ್ನರ್ಧ.

ರಿಗ್ಗಿನಲ್ಲೂ ಹೀಗೆಯೇ. ಬಾವಿಯೊಳಗಿನ ಒತ್ತಡವನ್ನು ತಡೆಯಲು ಮೊದಲ ಕಟ್ಟೆ ಎಂದರೆ ಕೊಳವೆಯಲ್ಲಿ ತುಂಬಿದ ಭಾರದ ಕೆಸರು, ನಾವು ‘ಮಡ್’ ಅನ್ನುತ್ತೇವೆ. ಅದು ಸೋತರೆ ಬಾವಿಯ ಬಾಯಿ ಮುಚ್ಚುವ ಬಿಓಪಿ ಎಂಬ ದೊಡ್ಡ ಕವಾಟ. ಇವು ಪೇಪರಿನಲ್ಲಿ ಬರುವಂಥವು. ಪೇಪರಿನಲ್ಲಿ ಬರದ ಸಣ್ಣ ಕಟ್ಟೆಗಳು ನೂರಾರು. ಮೇಲೆ ಹತ್ತಿದವನ ಸ್ಪ್ಯಾನರಿಗೆ ಕಟ್ಟಿದ ದಾರ, ಕೆಳಗಿನವರ ತಲೆ ಉಳಿಯಲಿ ಎಂದು. ಕಟಕಟೆಯ ಬುಡದ ಅಂಚುಪಟ್ಟಿ, ಬೋಲ್ಟು ಉರುಳಿ ಬೀಳದಿರಲಿ ಎಂದು. ಕ್ರೇನ್ ಎತ್ತುವಾಗ ಯಾರೂ ಕಾಲಿಡಬಾರದ ಕೆಂಪು ಜಾಗ. ರಿಪೇರಿಗೆ ಬಿಚ್ಚಿದ ಯಂತ್ರಕ್ಕೆ ಬೀಗ ಮತ್ತು ಚೀಟಿ. ಕೆಲಸಕ್ಕೆ ಮುಂಚೆ ಸಹಿಯಾಗಬೇಕಾದ ಪರ್ಮಿಟ್.

ಒಂದು ಚೀಟಿಯಿಂದ ಏನಾದೀತು ಎನ್ನಬೇಡಿ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾದಲ್ಲಿ ಒಂದು ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದರು. ಆ ವಿಷಯದ ಪರ್ಮಿಟ್ ರಾತ್ರಿ ಪಾಳಿಯವರ ಗಮನಕ್ಕೆ ಬರಲಿಲ್ಲ. ಅವರು ಪಂಪ್ ಚಾಲೂ ಮಾಡಿದರು. 167 ಜನ ಸತ್ತರು.

ನಮ್ಮಲ್ಲಿ ನಡೆದದ್ದು ಶುರುವಾದದ್ದು ಒಂದು ಕೈಬೆರಳಿನ ಗಾಯದಿಂದ. 2005ರ ಜುಲೈ 27. ಹಿಂದಿನ ದಿನವಷ್ಟೇ ಮುಂಬಯಿ ಮಳೆಯಲ್ಲಿ ಮುಳುಗಿತ್ತು, ನೆನಪಿರಬಹುದು. ಕಡಲಲ್ಲಿ ‘ಸಮುದ್ರ ಸುರಕ್ಷಾ’ ಎಂಬ ಹಡಗಿನ ಅಡುಗೆಯವರು ಬೆರಳು ಕತ್ತರಿಸಿಕೊಂಡರು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಗಾಯಾಳುವನ್ನು ದಾಟಿಸಲು ಹಡಗು ಮುಂಬಯಿ ಹೈ ನಾರ್ತ್ ಪ್ಲಾಟ್‌ಫಾರ್ಮಿನ ಪಕ್ಕಕ್ಕೆ ಬಂತು. ಕ್ರೇನ್ ಅವರನ್ನು ಎತ್ತಿಕೊಂಡಿತು. ಆಮೇಲೆ ಅಲೆಗಳ ನಡುವೆ ಹಡಗು ಹೋಗಿ ಗ್ಯಾಸ್ ಸಾಗುವ ರೈಸರ್ ಕೊಳವೆಗಳಿಗೆ ಬಡಿಯಿತು. ಅಲ್ಲಿದ್ದ ತಡೆ ಸಣ್ಣ ಹಡಗುಗಳಿಗೆ ಸಾಲುವಂಥದ್ದು, ಇಷ್ಟು ದೊಡ್ಡದಕ್ಕಲ್ಲ. ಎರಡೇ ಗಂಟೆಯಲ್ಲಿ ಪ್ಲಾಟ್‌ಫಾರ್ಮ್ ಉರಿದು ಕುಸಿಯಿತು. 362 ಮಂದಿ ಉಳಿದರು, 22 ಮಂದಿ ಇಲ್ಲವಾದರು. 2008ರಲ್ಲಿ ಕಡಲಿನ ಕೆಲಸಕ್ಕೆಂದೇ ಸುರಕ್ಷತಾ ನಿಯಮಗಳು ಬಂದವು. ಅವುಗಳ ಜವಾಬ್ದಾರಿ ಸಿಕ್ಕಿದ್ದು ಓಐಎಸ್‌ಡಿಗೆ.

ನನ್ನದೂ ಒಂದು ಬೆರಳಿನ ಕಥೆ ಇದೆ. ನನ್ನ ಬೆರಳಲ್ಲ. ರಿಗ್ಗಿನಲ್ಲಿ ಐದನೇ ವರ್ಷ. ಪೈಪಿನ ಗಂಟು ಬಿಚ್ಚಲು ‘ಟಾಂಗ್’ ಎಂಬ ದೈತ್ಯ ಇಕ್ಕಳ ಬಳಸುತ್ತೇವೆ. ಅದನ್ನು ಎಲ್ಲಿ ಹಿಡಿಯಬೇಕೋ ಆ ಹಿಡಿಕೆಗೆ ಮಾತ್ರ ಬಣ್ಣ ಬಳಿದಿತ್ತು. ಒಬ್ಬ ಹುಡುಗ ಬಣ್ಣವಿಲ್ಲದ ಕಡೆ ಕೈಯಿಟ್ಟದ್ದನ್ನು ನಾನು ನೋಡಿದೆ. ಪಾಳಿ ಮುಗಿಯಲು ಇಪ್ಪತ್ತು ನಿಮಿಷವಿತ್ತು. ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎಂದು ಬರೆದ ಕಾರ್ಡು ನನ್ನ ಜೇಬಿನಲ್ಲೇ ಇತ್ತು. ಕೂಗಿದರೆ ಕೆಲಸ ನಿಲ್ಲುತ್ತದೆ, ಮೇಲಿನವರು ಮುಖ ಸಿಂಡರಿಸುತ್ತಾರೆ ಎಂದುಕೊಂಡು ಸುಮ್ಮನಾದೆ. ಅವನ ಎಡಗೈಯ ಉಂಗುರದ ಬೆರಳು ಹೋಯಿತು. ವಿಚಾರಣೆಯಲ್ಲಿ, ಅವನಿಗೆ ತರಬೇತಿ ಆಗಿತ್ತೇ ಎಂದು ಕೇಳಿದರು. ನೀನು ನೋಡಿದ್ದೆಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಕೆಲಸ ಮುಗಿಸಿ ಈ-ರಿಕ್ಷಾದಲ್ಲಿ ವಾಪಸಾಗುತ್ತಿದ್ದೆ. ಸರ್ಫಾಬಾದಿನ ಅಂಚಿನಲ್ಲಿ ನಾಲ್ಕಂತಸ್ತಿನ ಮನೆಯೊಂದು ಏಳುತ್ತಿತ್ತು. ಬಿದಿರಿನ ಅಟ್ಟಣಿಗೆಯ ಮೇಲೆ ಒಬ್ಬ ಹುಡುಗ ಗಿಲಾವು ಮಾಡುತ್ತಿದ್ದ. ಮೈಗೆ ಬೆಲ್ಟ್ ಇದೆ, ಅದರ ಕೊಕ್ಕೆ ಮಾತ್ರ ಬಾಲದಂತೆ ತೂಗುತ್ತಿದೆ. ಗಾಡಿ ನಿಲ್ಲಿಸಿ ಇಳಿದೆ.

“ಭಯ್ಯಾ, ಹುಕ್ ಲಗಾ ಲೋ!”

ಅವನು ಕೆಳಗೆ ನೋಡಿ ನಕ್ಕ. “ಕಹಾಂ ಲಗಾವೂಂ?”

ಎಲ್ಲಿಗೆ ಹಾಕಲಿ? ನೋಡಿದರೆ ಅವನು ಹೇಳಿದ್ದು ನಿಜ. ಕೊಕ್ಕೆ ಸಿಕ್ಕಿಸಲು ಒಂದು ಹಗ್ಗವೂ ಇರಲಿಲ್ಲ. ಬೆಲ್ಟ್ ಕೊಟ್ಟವರು ಹಗ್ಗ ಕಟ್ಟಿರಲಿಲ್ಲ. ಇಷ್ಟು ವರ್ಷ ಆ ಹುಡುಗನ ಕೈಯನ್ನಷ್ಟೇ ನೆನೆಸಿಕೊಂಡು ಕೊರಗಿದ್ದ ನನಗೆ ಇದು ಹೊಳೆದಿರಲಿಲ್ಲ: ಬಿದ್ದವನನ್ನು ‘ಹುಷಾರಾಗಿರಬೇಕಿತ್ತು’ ಎನ್ನುವ ಮುಂಚೆ, ಅವನಿಗೆ ಹಿಡಿದುಕೊಳ್ಳಲು ಏನಿತ್ತು ಎಂದು ನೋಡಬೇಕು.

ಮೇಸ್ತ್ರಿ ಬಂದ. ನೀನ್ಯಾರು, ಮುನಿಸಿಪಾಲಿಟಿಯವನಾ ಎಂದ. ಅಲ್ಲ, ಹಗ್ಗ ಕಟ್ಟುವ ತನಕ ಇಲ್ಲೇ ನಿಲ್ಲುತ್ತೇನೆ ಎಂದೆ. ಗೊಣಗಿದ. ಹತ್ತು ನಿಮಿಷದ ಮೇಲೆ ಎಲ್ಲಿಂದಲೋ ನೈಲಾನ್ ಹಗ್ಗ ಬಂತು. ಟೆರೇಸಿನ ಕಂಬವೊಂದಕ್ಕೆ ಕಟ್ಟಿದರು. ರಿಗ್ಗಿನಲ್ಲಾಗಿದ್ದರೆ ಆ ಹಗ್ಗ ಪಾಸಾಗುತ್ತಿರಲಿಲ್ಲ. ಆದರೂ ಹುಡುಗ ಕೊಕ್ಕೆ ಸಿಕ್ಕಿಸಿಕೊಂಡ. ನಾನು ಹೋದ ಮೇಲೆ ಬಿಚ್ಚಿದನೋ ಏನೋ.

ಕಾದದ್ದಕ್ಕೆ ಈ-ರಿಕ್ಷಾದವನು ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದ. ಕೊಟ್ಟೆ.